ನಾಲ್ಕು ನಮೂನೆ ಬೋಲ್ಟು, ಒಂದು ರೇಡಿಯೇಟರು

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ನಾನು ಸೂಪರ್‌ವೈಸರ್. ಕಾರಿನ ರೇಡಿಯೇಟರಿಗೆ ಶ್ರೌಡು (ಫ್ಯಾನಿನ ಸುತ್ತಲಿನ ಕವಚ), ಫ್ಯಾನು, ಹೋಸ್ ಪೈಪು ಕೂಡಿಸಿ ಕಳಿಸುವುದು ನಮ್ಮ ಕೆಲಸ. ಒಂದು ಪೀಸಿಗೆ 11 ನಿಮಿಷ ಹಿಡಿಯುತ್ತಿತ್ತು. ಹುಡುಗರ ಕೈ ನಿಧಾನ ಅಂತ ಬೈಯುತ್ತಲೇ ಇದ್ದೆ. ಒಂದಿನ ಸ್ಟೂಲ್ ಹಾಕಿಕೊಂಡು ಸುಮ್ನೆ ಕೂತು ನೋಡಿದೆ.

ಕೈ ನಿಧಾನ ಇರಲಿಲ್ಲ, ಹುಡುಕಾಟ ಜಾಸ್ತಿ ಇತ್ತು. ಫ್ಯಾನಿಗೆ 5 ಎಂಎಂ ಬೋಲ್ಟು, ಶ್ರೌಡಿಗೆ 6 ಎಂಎಂ. ಎರಡರಲ್ಲೂ ಉದ್ದದ್ದು, ಗಿಡ್ಡದ್ದು ಬೇರೆ. ಒಂದಕ್ಕೆ 8ರ ಪಾನಾ, ಇನ್ನೊಂದಕ್ಕೆ 10ರದು. ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ತುದಿ ರೇಡಿಯೇಟರಿನ ನಡುವಿನ ಟ್ಯೂಬುಗಳ ಜಾಲಕ್ಕೆ, ಅಂದರೆ ಕೋರ್‌ಗೆ ಚುಚ್ಚುತ್ತದೆ. ಅಲ್ಯೂಮಿನಿಯಂ ಟ್ಯೂಬು ತೀರಾ ತೆಳು, ತೂತು ಬಿದ್ದರೆ ಆ ರೇಡಿಯೇಟರು ಗುಜರಿಗೇ.

"ಸರ, ಎಲ್ಲಾ ಒಂದೇ ಬೋಲ್ಟ್ ಯಾಕ ಇರಬಾರದ್ರಿ?" ಅಂತ ಲೈನಿನ ಹುಡುಗಿಯೊಬ್ಬಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಡ್ರಾಯಿಂಗ್ ನಮ್ಮದಲ್ಲ, ಗಿರಾಕಿ ಕಂಪನಿಯದು. ಅವರು ಒಪ್ಪಲು ಮೂರು ತಿಂಗಳು ಹಿಡಿಯಿತು. ಈಗ ಎಲ್ಲ ಕಡೆ 6 ಎಂಎಂ, ಒಂದೇ ಉದ್ದ, ಒಂದೇ ಪಾನಾ.

ಆ ಖುಷಿಯಲ್ಲಿ ಕರೆಂಟ್ ಸ್ಕ್ರೂಡ್ರೈವರ್ ತಂದೆ. ಮೊದಲ ದಿನವೇ ರೇಡಿಯೇಟರಿನ ಅಂಚಿಗಿರುವ ಪ್ಲಾಸ್ಟಿಕ್ ಟ್ಯಾಂಕು ಮೂರು ಚಿಟ್ ಅಂತ ಸೀಳಿದವು. ಬಿಗಿ ಎಷ್ಟಿರಬೇಕು ಅಂತ ಸೆಟ್ ಮಾಡದೇ ಕೊಟ್ಟಿದ್ದೆ. ತಪ್ಪು ನಂದೇ.

ನಿಜವಾದ ಲಾಭ ಬಂದದ್ದು ಲೀಕ್ ಟೆಸ್ಟ್ ಜಾಗ ಬದಲಿಸಿದಾಗ. ಮೊದಲು ಎಲ್ಲ ಕೂಡಿಸಿ ಆದಮೇಲೆ ಗಾಳಿ ತುಂಬಿಸಿ ನೋಡುತ್ತಿದ್ದೆವು. ಸೋರಿದರೆ ಫ್ಯಾನು, ಶ್ರೌಡು ಎಲ್ಲ ಬಿಚ್ಚಬೇಕು. ಈಗ ಬರೀ ರೇಡಿಯೇಟರನ್ನೇ ಮೊದಲು ನೀರಿನ ತೊಟ್ಟಿಗೆ ಇಳಿಸುತ್ತೇವೆ. ಗುಳ್ಳೆ ಹೆಚ್ಚಾಗಿ ಏಳುವುದು ಟ್ಯಾಂಕು ಕೋರ್‌ಗೆ ಕೂಡುವ ಕಡೆ, ರಬ್ಬರ್ ಗ್ಯಾಸ್ಕೆಟ್ ಹೊರಳಿ ಕೂತಿದ್ದರೆ. ಇದರಲ್ಲಿ ರಾಜಿ ಇಲ್ಲ. ರೇಡಿಯೇಟರಿನ ಮುಚ್ಚಳ ಹಿಡಿದಿಡುವ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚಿದ್ದರೆ ಒಳಗಿನ ನೀರು 120 ಡಿಗ್ರಿ ಹತ್ತಿರ ಹೋಗುವವರೆಗೂ ಕುದಿಯುವುದಿಲ್ಲ. ಸೋರಿ ಒತ್ತಡ ಇಳಿಯಿತೋ, 100ಕ್ಕೇ ಕುದಿ ಬರುತ್ತದೆ. ನಮ್ಮೂರ ಮೇ ತಿಂಗಳ ಬಿಸಿಲು ಗೊತ್ತಲ್ವಾ!

ಇನ್ನೊಂದು, ರೇಡಿಯೇಟರ್ ನಿಲ್ಲಿಸಿ ಹಿಡಿಯಲು ಒಬ್ಬರು, ಬಿಗಿಯಲು ಒಬ್ಬರು ಬೇಕಾಗುತ್ತಿತ್ತು. ಕಟ್ಟಿಗೆಯ ಚೌಕಟ್ಟು ಮಾಡಿಸಿ, ಅಂಚಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ಅದರ ಮೇಲೆ ಮಲಗಿಸಿದೆವು. ಈಗ ಒಬ್ಬರೇ ಸಾಕು, ಟ್ಯೂಬುಗಳ ನಡುವಿನ ತೆಳು ತಗಡು, ಅಂದರೆ ಫಿನ್ನೂ ಮಡಚುವುದಿಲ್ಲ. ಉಳಿದವರು ಪ್ಯಾಕಿಂಗಿಗೆ ಹೋದರು, ಯಾರನ್ನೂ ಮನೆಗೆ ಕಳಿಸಲಿಲ್ಲ.

ಈಗ ಪೀಸಿಗೆ 7 ನಿಮಿಷ. ಹೋಸ್ ತೂರಿಸುವುದು ಮಾತ್ರ ಇನ್ನೂ ತ್ರಾಸಿನ ಕೆಲಸವೇ. ಸಾಬೂನು ನೀರು ಹಚ್ಚಿ ತಿರುವುತ್ತಾ ಒತ್ತುತ್ತೇವೆ. ಹೊಸಬರು ಗ್ರೀಸ್ ಡಬ್ಬಿಗೆ ಕೈ ಹಾಕುತ್ತಾರೆ, ತಡೆಯಬೇಕು. ಆ ರಬ್ಬರಿಗೆ ಎಣ್ಣೆ ತಾಗಿದರೆ ಉಬ್ಬುತ್ತದೆ.