ಒಣಗಿಸದೆ ಗೆದ್ದ ಪುಡಿ: ಎಪಾಕ್ಸಿಯಲ್ಲಿ ನ್ಯಾನೋ ಸಿಲಿಕಾ, ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗ್ ಫೌಂಡ್ರಿಗಳ ಮರದ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮತ್ತು ಕೋರ್ ಬಾಕ್ಸ್‌ಗಳಿಗೆ (ಎರಕದೊಳಗಿನ ಟೊಳ್ಳಿಗೆ ಮರಳಿನ ಕೋರ್ ಮಾಡುವ ಪೆಟ್ಟಿಗೆ) ಬಳಿಯುವ ಎಪಾಕ್ಸಿಯನ್ನು, ಅಂದರೆ ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ರೆಸಿನ್ ಅನ್ನು, ನಾನು ಬಹಳ ವರ್ಷಗಳಿಂದ ತಯಾರಿಸುತ್ತಿದ್ದೇನೆ. ಮರಳು ಉಜ್ಜಿ ಉಜ್ಜಿ ಅಂಚು ಸವೆಯುತ್ತದೆ ಎಂಬುದು ಎಲ್ಲರ ದೂರು. ಅದಕ್ಕೆ ನ್ಯಾನೋ ಸಿಲಿಕಾ (ಅತಿ ಸೂಕ್ಷ್ಮ ಸಿಲಿಕಾ ಪುಡಿ) ಹಾಕುತ್ತೇನೆ ಎಂದಾಗ ಪುಡಿ ಮಾರುವವನೇ ನಕ್ಕಿದ್ದ: "ಸರ್, ಅದು ರೆಸಿನ್ ಮಂದ ಮಾಡುವುದಕ್ಕಷ್ಟೇ." ಈಗ ಅವನೇ ಗಿರಾಕಿಗಳನ್ನು ನನ್ನ ಶೆಡ್ಡಿಗೆ ಕಳಿಸುತ್ತಾನೆ.

ಪುಡಿ ಗುಂಪುಗಟ್ಟದೆ ರೆಸಿನ್‌ಗೆ ಹೊಂದಿಕೊಳ್ಳಲು ಅದರ ಮೈಗೆ ಸಿಲೇನ್ ಹಚ್ಚಬೇಕು; ಸಿಲಿಕಾವನ್ನೂ ರೆಸಿನ್ನನ್ನೂ ಬೆಸೆಯುವ ರಾಸಾಯನಿಕ ಅದು. ಮೊದಲು ಅಮೈನೋ ಸಿಲೇನ್ ಹಿಡಿದೆ. ಆಮ್ಲ ಬೇಡ, ನೀರು ಸಿಕ್ಕರೆ ತಾನೇ ಒಡೆಯುತ್ತದೆ, ಬೆಲೆಯೂ ಕಡಿಮೆ. ರೆಸಿನ್‌ನಲ್ಲಿ ಚೆನ್ನಾಗಿಯೇ ಬೆರೆಯಿತು. ಆದರೆ ಅಮೈನ್ ಎಪಾಕ್ಸಿಯನ್ನು ಸುಮ್ಮನೆ ಬಿಡುವುದಿಲ್ಲವಲ್ಲ! ಕೆಲವು ವಾರಗಳಲ್ಲಿ ಡಬ್ಬಿಯೊಳಗೇ ಜೆಲ್ಲಿ. ಎಂಟು-ಒಂಬತ್ತು ಸಾವಿರ ರೂಪಾಯಿ ಹೋಯಿತು. ಹಾರ್ಡನರ್ ಕಡೆ ಹಾಕುವವರಿಗೆ ಅದು ಇವತ್ತಿಗೂ ಒಳ್ಳೆಯದೇ.

ನಂತರ ಗ್ಲೈಸಿಡಾಕ್ಸಿ ಸಿಲೇನ್. ಸುತ್ತಲೂ ಸಕ್ಕರೆ ಕಾರ್ಖಾನೆ, ಅವುಗಳ ಪಕ್ಕದಲ್ಲೇ ಡಿಸ್ಟಿಲರಿ. ಆದರೂ ಎಥನಾಲ್‌ಗೆ ಅಬಕಾರಿ ಪರವಾನಗಿಯ ಗೋಜು ಬೇಡವೆಂದು ದ್ರಾವಕವಾಗಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಳಸಿದೆ. ಸ್ವಲ್ಪ ನೀರು, ಅಸಿಟಿಕ್ ಆಮ್ಲದಿಂದ ಪಿಎಚ್ 4.5ರಿಂದ 5. ಗ್ರಾಮಿಗೆ 200 ಚದರ ಮೀಟರ್ ಮೇಲ್ಮೈಯ ಫ್ಯೂಮ್ಡ್ ಸಿಲಿಕಾಗೆ (ಜ್ವಾಲೆಯಲ್ಲಿ ತಯಾರಾಗುವ ನ್ಯಾನೋ ಸಿಲಿಕಾ) ಪುಸ್ತಕದ ಲೆಕ್ಕ ಹಿಡಿದರೆ 100 ಗ್ರಾಮಿಗೆ 60 ಗ್ರಾಮ್ ಸಿಲೇನ್ ಬೇಕು. ಅಷ್ಟು ಸುರಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ನಾನು ಹತ್ತರ ಆಸುಪಾಸಿನಲ್ಲಿ ನಿಂತೆ, ಅದೇ ಸಾಕಾಯಿತು.

ಸೋಲಿಸಿದ್ದು ಸಿಲೇನ್ ಅಲ್ಲ, ಓವನ್. ಎಲ್ಲರೂ ಹೇಳುವಂತೆ 110 ಡಿಗ್ರಿಯಲ್ಲಿ ಒಣಗಿಸಿದರೆ ದ್ರವ ಆರುವಾಗ ಕಣಗಳು ಪರಸ್ಪರ ಎಳೆದುಕೊಂಡು ಬೆಸೆದು ಕಲ್ಲುಸಕ್ಕರೆಯಂತಾಗುತ್ತಿದ್ದವು. ಬಾಡಿಗೆಗೆ ಬೀಡ್ ಮಿಲ್ ತಂದು ಜಿರ್ಕೋನಿಯಾ ಮಣಿಗಳಲ್ಲಿ ಅರೆದೆ. ಬಾಡಿಗೆ, ಮಣಿ, ವಿದ್ಯುತ್ ಸೇರಿ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಅರೆದದ್ದು ಎಷ್ಟು ನುಣುಪೆಂದು ತೋರಿಸುವ ಹೆಗ್ಮನ್ ಗೇಜ್ ಹತ್ತು ಮೈಕ್ರಾನ್‌ಗಿಂತ ಕಡಿಮೆ ಎಂದಿತು, ಡಬ್ಬಿಯ ತಳದಲ್ಲಿ ಮಾತ್ರ ಗಸಿ ನಿಂತಿತು. ಆ ಗೇಜಿಗೆ ನ್ಯಾನೋ ಕಾಣುವುದೇ ಇಲ್ಲ. ಕಣದ ಅಳತೆ 12 ನ್ಯಾನೋಮೀಟರ್ ಎಂದು ಚೀಲದ ಮೇಲೆ ಬರೆದಿದ್ದರೂ ಫ್ಯೂಮ್ಡ್ ಸಿಲಿಕಾ ಹುಟ್ಟುವುದೇ ಬೆಸೆದ ಸರಪಳಿಗಳಾಗಿ. ಆ ಸರಪಳಿಗಳು ಮತ್ತೆ ಗುಂಪುಗೂಡದಿದ್ದರೆ ಸಾಕು.

ಆದ್ದರಿಂದ ಒಣಗಿಸುವುದನ್ನೇ ಬಿಟ್ಟೆ. ಸಿಲೇನ್ ಹಾಕಿದ ಗಂಜಿಯನ್ನು ಕಂಡೆನ್ಸರ್ ಕೂರಿಸಿ 75 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಿಸಿ, ಅದಕ್ಕೇ ಬೆಚ್ಚಗಿನ ರೆಸಿನ್ ಸೇರಿಸಿ, ನಿರ್ವಾತದಲ್ಲಿ ಐಪಿಎ ಎಳೆಯುತ್ತೇನೆ. ಓವನ್ನಿನಲ್ಲಿ ಆಗಬೇಕಾದ ಸಿಲೇನ್-ಸಿಲಿಕಾ ಬೆಸುಗೆ ರೆಸಿನ್‌ನೊಳಗೇ ಆಗುತ್ತದೆ. ಅಕ್ಕಪಕ್ಕದ ಕಣಗಳ ನಡುವೆ ಆಗ ರೆಸಿನ್ ಇರುತ್ತದೆ. ರೆಸಿನ್ ಯಾವ ಹಂತದಲ್ಲಿ, ಎಷ್ಟು ಕಂತಿನಲ್ಲಿ ಹೋಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಬೀಳುವ ಆ ಕೆಲವು ಹನಿಗಳ ಹೆಸರನ್ನೂ ಅಷ್ಟೇ.

ಐಪಿಎ ಮುಕ್ಕಾಲಿಗಿಂತ ಹೆಚ್ಚು ಮರಳಿ ಸಿಗುತ್ತದೆ. ಅದನ್ನು ಹಾಗೆಯೇ ಮತ್ತೆ ಸುರಿಯಬೇಡಿ: ಅದರಲ್ಲಿ ನೀರೂ ಇರುತ್ತದೆ, ಸಿಲೇನ್ ಬಿಟ್ಟ ಮೆಥನಾಲೂ ಇರುತ್ತದೆ. ಹೊಸದರೊಂದಿಗೆ ಬೆರೆಸಿ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಹತ್ತಿರ ಕಿಡಿ ಇರಕೂಡದು. ನಮ್ಮ ಮಳೆಗಾಲದಲ್ಲಿ ಪುಡಿಯೇ ನೀರು ಹೀರಿರುತ್ತದೆ. ಒಂದು ಹಿಡಿ ಕಾಯಿಸಿ ತೂಗಿ, ಎಷ್ಟು ಇಳಿಯಿತೋ ಆ ಪ್ರಮಾಣದಲ್ಲಿ ಇಡೀ ಪುಡಿಯ ಲೆಕ್ಕ ಹಿಡಿದು, ಹಾಕುವ ನೀರಿನಲ್ಲಿ ಕಳೆಯುತ್ತೇನೆ. ಒಣ ಹವೆಯ ವಿಜಯಪುರದ ಗೆಳೆಯನಿಗೆ ಇದು ಅತಿಯೆನಿಸಿತು.

ನಡುವೆ ಜಿಂಕ್ ಆಕ್ಸೈಡಿಗೆ ಸ್ಟಿಯರಿಕ್ ಆಮ್ಲ ಹಚ್ಚಿಯೂ ನೋಡಿದೆ. ಸ್ವಲ್ಪ ಹೆಚ್ಚಾದರೆ ಕಣವೇ ಕರಗಿ ಜಿಂಕ್ ಸ್ಟಿಯರೇಟ್ ಆಗುತ್ತದೆ. ಮ್ಯಾಗ್ನಟೈಟ್‌ಗೆ ಓಲಿಯಿಕ್ ಆಮ್ಲ ಹಚ್ಚಿ ಸೀಮೆಎಣ್ಣೆಯಲ್ಲಿ ಬಿಟ್ಟಾಗ ಮಾತ್ರ ಅಯಸ್ಕಾಂತದ ಮೇಲೆ ಮುಳ್ಳುಗಳೆದ್ದವು. ಮಗಳು ಅದನ್ನು ಶಾಲೆಗೆ ಒಯ್ದಳು. ದುಡ್ಡು ಹುಟ್ಟಲಿಲ್ಲ.

ಈಗ ರೆಸಿನ್‌ನಲ್ಲಿ ಶೇಕಡಾ 4ರಷ್ಟು ಸಿಲಿಕಾ ಇದೆ. ಕಿಲೋಗೆ ಎಪ್ಪತ್ತು-ಎಂಬತ್ತು ರೂಪಾಯಿ ಹೆಚ್ಚು ಖರ್ಚು. ಆರುನೂರು ಕೋರ್‌ಗಳಿಗೆ ಮರುಬಳಿತ ಕೇಳುತ್ತಿದ್ದ ಬಾಕ್ಸ್ ಸಾವಿರ ದಾಟಿಸುತ್ತಿದೆ. ಕಾದ ಪೆಟ್ಟಿಗೆಯಲ್ಲಿ ಕೋರ್ ಗಟ್ಟಿ ಮಾಡುವ ಹಾಟ್ ಬಾಕ್ಸ್‌ನವರೂ ಕೇಳುತ್ತಾರೆ; ಅಲ್ಲಿನ ಶಾಖಕ್ಕೆ ಎಪಾಕ್ಸಿ ನಿಲ್ಲುವುದಿಲ್ಲ, ಲೋಹದ ಪೆಟ್ಟಿಗೆಯೇ ಬೇಕು.