ಲ್ಯಾಪ್‌ಟಾಪಿನ ಕೀ ಅಂಟಿಕೊಂಡಿದೆಯಾ? ಕೀಳುವ ಮುಂಚೆ ಇಷ್ಟು ಮಾಡಿ ನೋಡಿ

ನುಡಿ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವವರಿಗೆ ‘ಎಫ್’ ಕೀ ಕೈಕೊಟ್ಟರೆ ಒತ್ತಕ್ಷರವೇ ಹೋದಂತೆ. ‘ಅಕ್ಕ’ ಅಂತ ಹೊಡೆದರೆ ‘ಅಕಕ’ ಬಂದು ಕೂರುತ್ತದೆ. ಇಂಥ ಹೊತ್ತಿನಲ್ಲಿ ಉಗುರು ಹಾಕಿ ಕೀ ಎಬ್ಬಿಸುವುದಕ್ಕೆ ಕೈ ತುರಿಸುತ್ತದೆ. ಸ್ವಲ್ಪ ತಡೆಯಿರಿ. ಅಂಟಿಕೊಂಡ ಕೀಗಳಲ್ಲಿ ಬಹಳಷ್ಟು ಕೀಳದೆಯೇ ಸರಿಹೋಗುತ್ತವೆ. ಕಿತ್ತಾಗ ಮುರಿಯುವವೂ ಕಡಿಮೆಯೇನಿಲ್ಲ.

ಮೊದಲು, ತೊಂದರೆ ನಿಜವಾಗಿ ಕೀಯದ್ದೇನಾ ನೋಡಿ. ಅದನ್ನೂ ಪಕ್ಕದ ಕೀಯನ್ನೂ ಒಂದಾದ ಮೇಲೊಂದು ಒತ್ತಿ. ಎರಡೂ ಒಂದೇ ರೀತಿ ಇಳಿದು ಮೇಲೆದ್ದರೆ ದೋಷ ಸೆಟ್ಟಿಂಗಿನಲ್ಲಿರಬಹುದು. ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು ಸಾಲಾಗಿ 5 ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಆನ್ ಮಾಡಬೇಕಾ ಎಂದು ಕೇಳುತ್ತದೆ. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿಹಿಡಿದರೆ ‘ಫಿಲ್ಟರ್ ಕೀಸ್’ ಬರುತ್ತದೆ. ಮೊದಲನೆಯದು ಆನ್ ಇದ್ದರೆ ಶಿಫ್ಟ್, ಕಂಟ್ರೋಲ್‌ನಂಥ ಕೀ ಬಿಟ್ಟ ಮೇಲೂ ಒತ್ತಿಹಿಡಿದಂತೆಯೇ ಉಳಿಯುತ್ತದೆ, ಎರಡನೆಯದು ಚುಟುಕಾಗಿ ಒತ್ತಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಕ್ಕಳು ಗೇಮ್ ಆಡುವ ಮನೆಯಲ್ಲಿ ಇದು ಮಾಮೂಲು. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಗೆ ಹೋಗಿ, ಕೀಬೋರ್ಡ್ ಎನ್ನುವಲ್ಲಿ ಎರಡನ್ನೂ ಆಫ್ ಮಾಡಿ. ಒಂದು ಸಲ ರೀಸ್ಟಾರ್ಟ್ ಮಾಡಿ.

ಕೀ ಒಳಗೇ ಕೂತುಬಿಡುತ್ತಿದ್ದರೆ, ಅಥವಾ ನಿಧಾನಕ್ಕೆ ಎದ್ದು ಬರುತ್ತಿದ್ದರೆ, ಕೆಲಸ ಕೈಯದ್ದು. ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್‌ನಲ್ಲಿಟ್ಟರೆ ಸಾಲದು. ಚಾರ್ಜರ್ ಕಿತ್ತಿಡಿ.

ಮೊದಲು ಒಣ ಕೆಲಸ

ಲ್ಯಾಪ್‌ಟಾಪನ್ನು ಬೋರಲು ಹಿಡಿದು ಹಿಂಬದಿಗೆ ಮೆಲ್ಲಗೆ ತಟ್ಟಿ. ಮಿಕ್ಸ್‌ಚರಿನ ಚೂರು, ಚಕ್ಕುಲಿಯ ಪುಡಿ ಎಷ್ಟೋ ಸಲ ಇಷ್ಟಕ್ಕೇ ಉದುರುತ್ತದೆ. ಆಮೇಲೆ ಮೆತ್ತನೆಯ ಬ್ರಷ್ ತೆಗೆದುಕೊಂಡು ಕೀಯ ನಾಲ್ಕೂ ಅಂಚು ಕೆರೆಯಿರಿ. ಕ್ಯಾಮೆರಾ ಲೆನ್ಸ್‌ಗೆ ಬಳಸುವ ರಬ್ಬರ್ ಬ್ಲೋವರ್ ಇದ್ದರೆ ಲ್ಯಾಪ್‌ಟಾಪನ್ನು ವಾರೆಯಾಗಿ ಹಿಡಿದು, ಕೀಯನ್ನು ಒತ್ತುತ್ತಾ ಬಿಡುತ್ತಾ ಗಾಳಿ ಹಾಕಿ. ಸ್ಪ್ರೇ ಡಬ್ಬಿಯಲ್ಲಿ ಒತ್ತಿ ತುಂಬಿ ಮಾರುವ ಗಾಳಿಯಾದರೆ ಡಬ್ಬಿಯನ್ನು ನೆಟ್ಟಗೇ ಹಿಡಿಯಬೇಕು. ಓರೆಯಾದರೆ ಒಳಗಿನ ದ್ರವ ಚಿಮ್ಮುತ್ತದೆ. ಬಾಯಲ್ಲಿ ಊದುವುದು ಬೇಡ, ಗಾಳಿಗಿಂತ ಎಂಜಲೇ ಜಾಸ್ತಿ ಹೋಗುತ್ತದೆ.

ಚೆಲ್ಲಿದ್ದು ಚಹಾನಾ, ಎಣ್ಣೆಯಾ?

ಕೀ ಇನ್ನೂ ಜಿಗುಟಾಗಿದ್ದರೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಇದ್ದೇ ಇರುತ್ತದೆ. ಬಾಟಲಿಯ ಮೇಲೆ 99% ಅಂತ ಇರುವುದೇ ಒಳ್ಳೆಯದು, ಅದರಲ್ಲಿ ನೀರು ಕಡಿಮೆ. ಕೈಯ ಜಿಡ್ಡು, ಬೋಂಡಾದ ಎಣ್ಣೆ ಇವೆಲ್ಲ ಇದಕ್ಕೆ ಬಗ್ಗುತ್ತವೆ.

ಆದರೆ ಸಕ್ಕರೆ ಬಗ್ಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಚಹಾ, ಕಾಫಿ, ಜ್ಯೂಸ್ ಒಣಗಿ ಅಂಟಾಗುವುದು ಸಕ್ಕರೆಯಿಂದ, ಮತ್ತು ಸಕ್ಕರೆ ಕರಗುವುದು ನೀರಿನಲ್ಲಿ. ಶುದ್ಧ ಆಲ್ಕೋಹಾಲ್‌ನಲ್ಲಿ ಅದು ಕರಗುವುದೇ ಇಲ್ಲ ಅನ್ನಬಹುದು. ಹಾಗಾಗಿ ಸಿಹಿ ಬಿದ್ದಿದ್ದರೆ ಮೊದಲು ಡಿಸ್ಟಿಲ್ಡ್ ವಾಟರ್ ತನ್ನಿ, ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ, ಅದೇ. ಅದರಲ್ಲಿ ಹತ್ತಿಯ ಕಡ್ಡಿ ಅದ್ದಿ, ಚೆನ್ನಾಗಿ ಹಿಂಡಿ, ಕೀಯ ಅಂಚಿಗೆ ಓಡಿಸಿ. ಹನಿ ಬೀಳುವಷ್ಟು ಒದ್ದೆ ಇರಬಾರದು. ಕೀಯನ್ನು ಇಪ್ಪತ್ತು ಮೂವತ್ತು ಸಲ ಒತ್ತಿ. ಕಡ್ಡಿಯ ತುದಿಗೆ ಕಂದು ಬಣ್ಣ ಬಂದರೆ ಒಳಗಿನದು ಬಿಡುತ್ತಿದೆ ಅಂತ ಅರ್ಥ. ಹೊಸ ಕಡ್ಡಿ ತೆಗೆದುಕೊಂಡು ಇನ್ನೊಂದು ಸುತ್ತು ಹಾಕಿ. ಕೊನೆಗೆ ಐಪಿಎ ಓಡಿಸಿದರೆ ಉಳಿದ ನೀರೂ ಬೇಗ ಆರುತ್ತದೆ. ಐಪಿಎಗೆ ಬೆಂಕಿ ಬೇಗ ಹತ್ತುತ್ತದೆ, ದೀಪ, ಊದುಬತ್ತಿ ದೂರವಿರಲಿ. ಕೆಲವು ಗಂಟೆ ಫ್ಯಾನ್ ಕೆಳಗೆ ಬಿಟ್ಟು ಆಮೇಲೇ ಆನ್ ಮಾಡಿ.

ಹ್ಯಾಂಡ್ ಸ್ಯಾನಿಟೈಜರ್ ಜೆಲ್ ಬೇಡ, ಅದೇ ಅಂಟು ಬಿಡುತ್ತದೆ. ನೇಲ್‌ಪಾಲಿಶ್ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಕೀರಲು ಬಾಗಿಲಿಗೆ ಹಾಕುವ ಎಣ್ಣೆಯೂ ಬೇಡ. ಅಂದು ಸಲೀಸಾಗುತ್ತದೆ, ಆಮೇಲೆ ಅದಕ್ಕೇ ಧೂಳು ಮೆತ್ತಿಕೊಳ್ಳುತ್ತದೆ.

ಕೀ ತೆಗೆಯಲೇಬೇಕಾದರೆ

ಇಷ್ಟಕ್ಕೂ ಜಗ್ಗದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ವಾರಂಟಿ ಇನ್ನೂ ಇದ್ದರೆ ಬೇಡ, ಸರ್ವಿಸ್ ಸೆಂಟರಿಗೇ ಕೊಡಿ.

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಕೀ ಟೋಪಿಯ ಕೆಳಗೆ ಎರಡು ತೆಳು ಪ್ಲಾಸ್ಟಿಕ್ ಚೌಕಟ್ಟುಗಳಿರುತ್ತವೆ. ಮಡಚುವ ಕುರ್ಚಿಯ ಕಾಲಿನ ಹಾಗೆ ಒಂದಕ್ಕೊಂದು ಅಡ್ಡವಾಗಿ ಹೆಣೆದುಕೊಂಡಿರುತ್ತವೆ. ನಡುವೆ ಪುಟ್ಟ ರಬ್ಬರ್ ಗುಮ್ಮಟ. ಕೀಯನ್ನು ಮೇಲಕ್ಕೆ ತಳ್ಳುವುದು ಈ ರಬ್ಬರ್. ಚೌಕಟ್ಟಿನ ಕೊಕ್ಕೆಗಳು ಯಾವ ಕಡೆ ಇವೆ ಎನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ನಿಮ್ಮ ಮಾಡೆಲ್ ಹೆಸರು ಹಾಕಿ ಯೂಟ್ಯೂಬ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಕೀಲಿಮಣೆಯ ಫೋಟೊ ತೆಗೆದಿಟ್ಟುಕೊಳ್ಳಿ. ಗಿಟಾರ್ ಪಿಕ್ ಅಥವಾ ಹಳೆಯ ಎಟಿಎಂ ಕಾರ್ಡಿನ ಮೂಲೆಯನ್ನು ಕೀಯ ಒಂದು ಮೂಲೆಯಡಿ ತೂರಿಸಿ ಸಾವಕಾಶವಾಗಿ ಎತ್ತಿ. ಸ್ಕ್ರೂಡ್ರೈವರ್ ಬೇಡ. ‘ಟಕ್’ ಅಂತ ಸಣ್ಣ ಸದ್ದು ಬಂದ ಮೇಲೆ ಪಕ್ಕದ ಮೂಲೆಗೆ ಹೋಗಿ. ತೆರೆದಾಗ ಚೌಕಟ್ಟಿಗೆ ಸುತ್ತಿಕೊಂಡ ಕೂದಲೆಳೆ ಸಿಕ್ಕರೂ ಆಶ್ಚರ್ಯವಿಲ್ಲ, ಮನೆಯಲ್ಲಿ ಬೆಕ್ಕಿದ್ದರಂತೂ ಕೇಳಲೇಬೇಡಿ. ಚಿಮಟಿಗೆಯಿಂದ ಬಿಡಿಸಿ. ಐಪಿಎ ಹಚ್ಚಿ ಒರೆಸಿ. ರಬ್ಬರನ್ನು ಎಳೆಯಬೇಡಿ.

ಕೂರಿಸುವಾಗ ಚೌಕಟ್ಟು ತನ್ನ ಕೊಕ್ಕೆಗಳಲ್ಲಿ ಚಪ್ಪಟೆಯಾಗಿ ಕೂತಿದೆಯಾ ನೋಡಿ, ಮೇಲೆ ಟೋಪಿ ಇಟ್ಟು ಒಂದೊಂದೇ ಅಂಚು ಒತ್ತಿ. ಸದ್ದು ಬರದಿದ್ದರೆ ಜೋರು ಮಾಡಬೇಡಿ, ತೆಗೆದು ಮತ್ತೆ ಇಡಿ. ರಬ್ಬರ್ ಕಿತ್ತುಬಂದಿದ್ದರೆ ಫೆವಿಕ್ವಿಕ್ ಹಾಕುವ ಯೋಚನೆ ಬಿಡಿ. ಅದು ಹರಡಿ ಕೀಯನ್ನು ಶಾಶ್ವತವಾಗಿ ಕೂರಿಸಿಬಿಡುತ್ತದೆ.

ಸ್ಪೇಸ್‌ಬಾರ್, ಎಂಟರ್, ಶಿಫ್ಟ್‌ಗಳ ಕೆಳಗೆ ಸಾಮಾನ್ಯವಾಗಿ ಉಕ್ಕಿನ ತಂತಿಯೂ ಇರುತ್ತದೆ. ಮೊದಲ ಸಲ ಕೈ ಹಾಕುವವರು ಅವನ್ನು ಮುಟ್ಟದಿರುವುದೇ ವಾಸಿ. 2015ರಿಂದ 2019ರವರೆಗಿನ ಮ್ಯಾಕ್‌ಬುಕ್‌ಗಳಲ್ಲಿ ಹಲವಕ್ಕೆ ‘ಬಟರ್‌ಫ್ಲೈ’ ಕೀಲಿಮಣೆ ಇದೆ. ಅದು ತೀರಾ ನಾಜೂಕು. ಅದಕ್ಕೆ ಆ್ಯಪಲ್ ಹೇಳಿದ ಉಪಾಯ ಇಷ್ಟೇ: ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆಯಾಗಿ ಹಿಡಿದು ಡಬ್ಬಿಯ ಗಾಳಿ ಹಾಕುವುದು. ಅದನ್ನು ಕೀಳಲು ಹೋಗಬೇಡಿ.

ರಿಪೇರಿ ಆಗುವವರೆಗೆ ಕೆಲಸ ನಿಲ್ಲಬೇಕಿಲ್ಲ. ವಿಂಡೋಸ್, ಕಂಟ್ರೋಲ್, ಇಂಗ್ಲಿಷಿನ ‘ಒ’ (O) ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯ ಮೇಲೆ ಕೀಲಿಮಣೆ ಬರುತ್ತದೆ. ಮೈಕ್ರೋಸಾಫ್ಟ್‌ನ ಉಚಿತ ‘ಪವರ್‌ಟಾಯ್ಸ್’ ಹಾಕಿಕೊಂಡರೆ ಕೆಟ್ಟ ಕೀಯ ಕೆಲಸವನ್ನು ಬಳಸದ ಬೇರೊಂದು ಕೀಗೆ ವಹಿಸಬಹುದು.

ಕೀಲಿಮಣೆಯನ್ನೇ ಬದಲಿಸಬೇಕಾಗಿ ಬಂದರೆ ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಅಂಗಡಿಯವರನ್ನು ಮೊದಲೇ ಕೇಳಿ: ‘ಇದು ಸ್ಕ್ರೂನಲ್ಲಿ ಕೂತಿದೆಯಾ, ಪ್ಲಾಸ್ಟಿಕ್ ಕರಗಿಸಿ ಕೂರಿಸಿದ್ದಾ?’ ತೆಳು ಮಾಡೆಲ್‌ಗಳಲ್ಲಿ ಎರಡನೆಯದೇ ಜಾಸ್ತಿ. ಆಗ ಮೇಲಿನ ಕವರ್ ಸಮೇತ ಬದಲಿಸಿ ಅನ್ನಬಹುದು, ಬಿಲ್ಲೂ ಅಷ್ಟೇ ಏರುತ್ತದೆ. ಲ್ಯಾಪ್‌ಟಾಪಿನ ತಳದಲ್ಲಿರುವ ಮಾಡೆಲ್ ನಂಬರಿನ ಫೋಟೊ ಕಳಿಸಿ, ದರ ಕೇಳಿಕೊಂಡೇ ಹೊರಡಿ.