ಮನೆಮಂದಿಯೊಂದಿಗೆ ಸಾಲ್ಮನ್ ಹಿಡಿಯಲು: ಗಾಳದ ಸಾಮಾನು ಆರಿಸಿದ ನನ್ನ ಅನುಭವ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನ ಉತ್ತರಕ್ಕಿರುವ ಎಡ್ಮಂಡ್ಸ್ ಮತ್ತು ಮುಕಿಲ್ಟಿಯೊ ಊರುಗಳ ನಡುವೆ, ಪ್ಯುಜೆಟ್ ಸೌಂಡ್ ಎಂಬ ಕಡಲ ಒಳಚಾಚಿನ ದಡಕ್ಕೆ ಹತ್ತಿರವಾಗಿಯೇ, ಬೆಸ ಸಂಖ್ಯೆಯ ವರ್ಷಗಳ ಆಗಸ್ಟ್ ತಿಂಗಳಲ್ಲಿ ಪಿಂಕ್ ಸಾಲ್ಮನ್ ಹಿಂಡುಹಿಂಡಾಗಿ ಸಾಗುತ್ತದೆ. ಈ ಮೀನಿನ ಆಯುಸ್ಸು ಎರಡೇ ವರ್ಷ. ಇಲ್ಲಿನ ನದಿಗಳಿಗೆ ಅದು ದೊಡ್ಡ ಪ್ರಮಾಣದಲ್ಲಿ ಮೊಟ್ಟೆಯಿಡಲು ಬರುವುದು ಬೆಸ ವರ್ಷಗಳಲ್ಲಿ ಮಾತ್ರ. ಆದ್ದರಿಂದಲೇ ಹೆಂಡತಿ, ಮಕ್ಕಳು ಮತ್ತು ಕುಂದಾಪುರದಿಂದ ಬಂದಿದ್ದ ಮಾವನವರೊಂದಿಗೆ ದೋಣಿಯಲ್ಲಿ ಹೋಗಲು ನಾನು 2023ನ್ನು ಆರಿಸಿಕೊಂಡೆ. ಸಾಲ್ಮನ್‌ನ ಇನ್ನೊಂದು ಜಾತಿಯಾದ ಚಿನೂಕ್ ಗಾತ್ರದಲ್ಲೂ ಹೆಸರಿನಲ್ಲೂ ದೊಡ್ಡದು, ನಿಜ. ಆದರೆ ಅದು ಆಳದಲ್ಲಿದ್ದು ಗಂಟೆಗಟ್ಟಲೆ ಕಾಯಿಸುತ್ತದೆ. ಎರಡು ಕಿಲೋ ಆಸುಪಾಸಿನ ಪಿಂಕ್ ಮಕ್ಕಳ ಕೈಗೂ ತಾಳ್ಮೆಗೂ ಒಗ್ಗುವ ಮೀನು.

ಅಂಗಡಿಯಲ್ಲಿ ಹತ್ತೂವರೆ ಅಡಿಯ ರಾಡ್‌ಗಳನ್ನು ಮುಂದಿಟ್ಟರು. ಸಣ್ಣ ದೋಣಿಯಲ್ಲಿ ಐದು ಜನ ಕೂತಾಗ ಅಷ್ಟುದ್ದದ ಕೋಲು ಯಾರದಾದರೂ ತಲೆಗೆ ತಗಲುವುದು ಖಂಡಿತ. ತುದಿ ಮೆತ್ತಗಿರುವ ಎಂಟೂವರೆ ಅಡಿಯ ರಾಡ್‌ಗಳನ್ನೇ ಕೊಂಡೆ. ರೀಲ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ: ಎಷ್ಟು ಅಡಿ ದಾರ ಹೊರಹೋಗಿದೆ ಎಂದು ಅಂಕಿಯಲ್ಲಿ ತೋರಿಸುವ ರೀಲ್ ಇದ್ದರೆ, ‘ನಲವತ್ತು ಬಂದಾಗ ನಿಲ್ಲಿಸು’ ಎಂದಷ್ಟೇ ಹೇಳಿ ಆ ಕೆಲಸವನ್ನು ಮಗಳಿಗೇ ಬಿಡಬಹುದು. ದಾರಕ್ಕೆ 20 ಪೌಂಡಿನ ಎಳೆತ ತಡೆಯುವ ಮಾನೊಫಿಲಮೆಂಟ್, ಅಂದರೆ ಒಂದೇ ಎಳೆಯ ಪ್ಲಾಸ್ಟಿಕ್ ದಾರ, ಆಯ್ದೆ. ಹೆಣೆದ ದಾರ ಬಲವಾದದ್ದೇ, ಆದರೆ ಅದು ಹಿಗ್ಗುವುದಿಲ್ಲ, ಎಳೆಯ ಬೆರಳನ್ನು ಕೊಯ್ದೂಬಿಡುತ್ತದೆ.

ದಾರ ಹಿಗ್ಗುವುದು ಇಲ್ಲಿ ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಪ್ಯುಜೆಟ್ ಸೌಂಡಿನಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ, ಅಂದರೆ ತುದಿಯ ಬಳಿ ಹಿಮ್ಮುಖ ಚೂಪು ಇಲ್ಲದ, ಕೊಕ್ಕೆಯನ್ನೇ ಬಳಸಬೇಕೆಂಬ ನಿಯಮವಿದೆ. ಮಾವನವರು ಕೊಕ್ಕೆಯನ್ನು ಹೆಬ್ಬೆರಳಲ್ಲಿ ಸವರಿ ನೋಡಿ, “ಇದರಲ್ಲಿ ಮೀನು ನಿಲ್ಲುತ್ತದಾ ಮಾರಾಯ?” ಎಂದರು. ದಾರ ಬಿಗಿಯಾಗಿರುವಷ್ಟು ಹೊತ್ತು ನಿಲ್ಲುತ್ತದೆ. ಸಡಿಲವಾದ ಕ್ಷಣವೇ ಜಾರುತ್ತದೆ. ಮೆತ್ತನೆಯ ತುದಿಯೂ ಹಿಗ್ಗುವ ದಾರವೂ ಮಕ್ಕಳ ಕೈಯ ಏರುಪೇರನ್ನು ನುಂಗಿಕೊಂಡು ಬಿಗಿಯನ್ನು ಕಾಯುತ್ತವೆ. ಕೊಕ್ಕೆ ಅಂಗಿಯ ತೋಳಿಗೆ ಸಿಕ್ಕಿಕೊಂಡರೂ ಸಲೀಸಾಗಿ ಬಿಡಿಸಬಹುದು ಎಂಬುದು ಬೇರೆ ಮಾತು.

ಆಮಿಷದ ಗೋಡೆಯ ಮುಂದೆ ನಿಂತರೆ ಮೀನಿಗಿಂತ ಮೊದಲು ಮನುಷ್ಯನೇ ಗಾಳಕ್ಕೆ ಬೀಳುತ್ತಾನೆ. ನಾನು ಬೊಂಡಾಸದ (ಸ್ಕ್ವಿಡ್) ಮರಿಯಂತಿರುವ ಸಣ್ಣ ಗುಲಾಬಿ ಪ್ಲಾಸ್ಟಿಕ್ ಆಮಿಷವನ್ನೂ ಅದರ ಮುಂದೆ ಕಟ್ಟಲು ಡಾಡ್ಜರ್ ಎಂಬ, ನೀರಿನಲ್ಲಿ ತೂಗಾಡಿ ಮೀನನ್ನು ಸೆಳೆಯುವ ಬಿಳಿಯ ತಗಡನ್ನೂ ಮಾತ್ರ ತೆಗೆದುಕೊಂಡೆ. ಚಿನೂಕ್‌ಗೆ ಬಳಸುವ 11 ಇಂಚಿನ ಫ್ಲ್ಯಾಶರ್ ಎಂಬ ದೊಡ್ಡ ಹೊಳೆಯುವ ಪಟ್ಟಿ ನೀರಿನಲ್ಲಿ ಎಷ್ಟು ಎಳೆಯುತ್ತದೆಂದರೆ, ಮಗುವಿಗೆ ಮೀನಿನ ಜಗ್ಗಾಟ ತಿಳಿಯುವುದೇ ಇಲ್ಲ. ಪ್ಲಾಸ್ಟಿಕ್ ಬೊಂಡಾಸಕ್ಕೆ ತನ್ನದೇ ಚಲನೆ ಇಲ್ಲ. ಡಾಡ್ಜರ್ ಅತ್ತಿತ್ತ ತೂಗುವಾಗಿನ ಸೆಳೆತವೇ ಅದನ್ನು ಕುಣಿಸಬೇಕು. ಅದಕ್ಕಾಗಿ ನಡುವಿನ ಲೀಡರ್ ದಾರವನ್ನು 24 ಇಂಚಿಗೆ ಗಿಡ್ಡಗೊಳಿಸಿ, ದೋಣಿಯನ್ನು ತೀರ ನಿಧಾನವಾಗಿ ಓಡಿಸಿದೆ.

ಆಮಿಷವನ್ನು ಆಳಕ್ಕಿಳಿಸುವ ಭಾರಕ್ಕೆ ಡೌನ್‌ರಿಗ್ಗರ್ ಎಂಬ ರಾಟೆ ದೋಣಿಯಲ್ಲಿದ್ದರೆ ಅನುಕೂಲ ಹೆಚ್ಚು. ಹತ್ತು ಪೌಂಡಿನ ಗುಂಡು ಬೇರೆ ತಂತಿಯಲ್ಲಿ ಇಳಿಯುತ್ತದೆ, ಗಾಳದ ದಾರ ಕ್ಲಿಪ್ಪಿನಲ್ಲಿ ಅದಕ್ಕೆ ಸಿಕ್ಕಿಕೊಂಡಿರುತ್ತದೆ. ಮೀನು ಕಚ್ಚಿದೊಡನೆ ಕ್ಲಿಪ್ಪಿನಿಂದ ದಾರ ಕಳಚಿಕೊಂಡು, ಮಗುವಿನ ಕೈಯಲ್ಲಿ ಸೀಸದ ಭಾರವಿಲ್ಲದೆ ಮೀನು ಉಳಿಯುತ್ತದೆ. ಗುಂಡು ಏರಿಸುವ, ಇಳಿಸುವ ಕೆಲಸವನ್ನು ದೊಡ್ಡವರೇ ಮಾಡಬೇಕು.

ಮೀನನ್ನು ಎತ್ತುವ ಕೈಬಲೆ ಗಂಟಿಲ್ಲದ್ದೇ ಆಗಿರಬೇಕು, ಮರಳಿ ಬಿಡಬೇಕಾದ ಮೀನಿಗೆ ಗಾಯವಾಗದಿರಲೆಂದು ಇದೂ ನಿಯಮ. ಇಲ್ಲಿನ ಚಿನೂಕ್ 1999ರಿಂದ ಅಳಿವಿನ ಭೀತಿಯ ಪಟ್ಟಿಯಲ್ಲಿದೆ, ಇಟ್ಟುಕೊಳ್ಳಲು ಅನುಮತಿಯಿಲ್ಲದ ಮೀನನ್ನು ದೋಣಿಯೊಳಗೆ ಎತ್ತುವಂತೆಯೂ ಇಲ್ಲ. ಹಾಗಾಗಿ ನೀರಿನಲ್ಲಿರುವಾಗಲೇ ಬಾಯಿ ನೋಡಬೇಕು: ಕೆಳದವಡೆಯ ಒಸಡು ಕಪ್ಪಾಗಿದ್ದರೆ ಅದು ಚಿನೂಕ್. ಬಾಲದ ತುಂಬ ದೊಡ್ಡ ಅಂಡಾಕಾರದ ಮಚ್ಚೆಗಳಿದ್ದರೆ ಪಿಂಕ್. ಯಾವ ವಲಯದಲ್ಲಿ ಯಾವುದಕ್ಕೆ ಅನುಮತಿ ಎಂಬುದು ವರ್ಷವರ್ಷವೂ ಬದಲಾಗುವುದರಿಂದ ಹೊರಡುವ ಹಿಂದಿನ ರಾತ್ರಿ ರಾಜ್ಯದ ಮೀನುಗಾರಿಕೆ ಇಲಾಖೆಯ ಪ್ರಕಟಣೆಯನ್ನು ನೋಡಿಕೊಳ್ಳುತ್ತೇನೆ.

ಸಾಮಾನಿನ ಪಟ್ಟಿಯಲ್ಲಿ ಹಲವರು ಮರೆಯುವುದು ಮಂಜುಗಡ್ಡೆಯನ್ನು. ಪಿಂಕ್‌ನ ಮಾಂಸ ಬಹಳ ಮೃದು, ಬಿಸಿಲಿಗೆ ಬೇಗ ಕೆಡುತ್ತದೆ. ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು ಪೆಟ್ಟಿಗೆಗೆ ಹಾಕಿದ ಮೀನನ್ನೇ ಮಾವನವರು ಮರುದಿನ ಗಸಿಗೆ ಒಪ್ಪಿದ್ದು.